ಪಿಗ್ಮಿ ಹುಟ್ಟಿದ ನಾಡಿನಲ್ಲಿ ಓದಿನ ಸಾಲ

ಪಿಯುಸಿ ರಿಸಲ್ಟ್ ಬಂದ ದಿನ ನಮ್ಮ ಚಾನೆಲ್‌ಗಳಲ್ಲಿ ಏನು ತೋರಿಸ್ತೀವಿ? ಟಾಪರ್ ಬಾಯಿಗೆ ಅಪ್ಪ-ಅಮ್ಮ ಸ್ವೀಟ್ ಇಡೋದನ್ನ ತೋರಿಸ್ತೀವಿ. "ಮುಂದೆ ಏನಾಗಬೇಕು ಅಂತಿದ್ದೀಯಮ್ಮಾ?" ಅಂತ ಮೈಕ್ ಹಿಡೀತೀವಿ. ಆ ಮಗು ಡಾಕ್ಟರ್ ಅನ್ನುತ್ತೆ, ಇಲ್ಲ ಐಎಎಸ್ ಅನ್ನುತ್ತೆ. ಅಲ್ಲಿಗೆ ಸುದ್ದಿ ಮುಗೀತು. ಆದರೆ ಕ್ಯಾಮೆರಾ ಹೋಗದ ಲಕ್ಷಾಂತರ ಮನೆಗಳಲ್ಲಿ ಅವತ್ತು ರಾತ್ರಿ ಊಟದ ಹೊತ್ತಿಗೆ ಬೇರೆಯದೇ ಪ್ರಶ್ನೆ ಏಳುತ್ತೆ. "ಒಟ್ಟು ಎಷ್ಟಾಗುತ್ತೆ? ಎಲ್ಲಿಂದ ತರೋದು?"

ವೀಕ್ಷಕರೇ, ಇವತ್ತು ಈ ಪ್ರಶ್ನೆಗೆ ಒಂದು ಚರಿತ್ರೆ ಇದೆ ಅನ್ನೋದನ್ನ ಹೇಳ್ತೀನಿ. ಬೆಂಗಳೂರಿನಿಂದ ಬೇಡ, ದಿಲ್ಲಿಯಿಂದಲೂ ಬೇಡ. ಕಕ್ಕಿಂಜೆಯಿಂದ ಶುರು ಮಾಡೋಣ.

ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕಕ್ಕಿಂಜೆ ಒಂದು ಸಣ್ಣ ಪೇಟೆ. ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತಲು ಹೊರಟವರು ಇದನ್ನು ದಾಟಿಯೇ ಹೋಗಬೇಕು. ಧರ್ಮಸ್ಥಳಕ್ಕೆ ಬಂದು ಕೊಟ್ಟಿಗೆಹಾರದ ಕಡೆ ವಾಪಸ್ ಹೋಗಿದ್ದರೆ ನೀವೂ ಬಸ್ಸಿನ ಕಿಟಕಿಯಿಂದ ಈ ಊರು ನೋಡಿರ್ತೀರಿ. ಸುತ್ತಲಿನ ಹಳ್ಳಿಗಳಲ್ಲಿ ಅಡಿಕೆ ತೋಟ, ರಬ್ಬರ್, ಮನೆಮನೆಯಲ್ಲಿ ಬೀಡಿ, ಗಲ್ಫ್‌ನಿಂದ ಬರುವ ದುಡ್ಡು. ಜೀವನ ನಿಂತಿರುವುದು ಹೆಚ್ಚಾಗಿ ಇವುಗಳ ಮೇಲೆ. ಇಲ್ಲಿ ಆದಾಯ ಅಂದರೆ ಒಂದನೇ ತಾರೀಕಿಗೆ ಬೀಳುವ ಸಂಬಳ ಅಲ್ಲ. ಒಂದು ವರ್ಷ ಅಡಿಕೆಗೆ ರೇಟು ಇರುತ್ತೆ, ಕೊಳೆರೋಗ ಬಂದು ಫಸಲು ಇರಲ್ಲ. ಇನ್ನೊಂದು ವರ್ಷ ಫಸಲು ಇರುತ್ತೆ, ರೇಟು ಇರಲ್ಲ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಸೀಮೆಯಲ್ಲಿ ಗುಡ್ಡ ಕುಸಿದು, ಹೊಳೆ ಉಕ್ಕಿ, ತೋಟಗಳೇ ಮರಳಿನಡಿ ಹೋದ ದೃಶ್ಯಗಳನ್ನು ನಾವೇ ತೋರಿಸಿದ್ದೆವು.

ಇಂಥ ಮನೆಯ ಹುಡುಗಿಯೊಬ್ಬಳು ಶಿಕ್ಷಣ ಸಾಲ ಕೇಳಲು ಬ್ಯಾಂಕಿಗೆ ಹೋದಳು ಅಂದುಕೊಳ್ಳಿ. ಮ್ಯಾನೇಜರ್ ಏನು ಕೇಳ್ತಾರೆ? ತಂದೆಯ ಆದಾಯ ಎಷ್ಟು? ಐಟಿ ರಿಟರ್ನ್ ಇದೆಯಾ? ತಂದೆಯ ಸಿಬಿಲ್ ಸ್ಕೋರ್ ಎಷ್ಟು? ಜಾಗದ ಆರ್‌ಟಿಸಿ ಯಾರ ಹೆಸರಲ್ಲಿದೆ? ಕುಮ್ಕಿ ಜಾಗ ಆದರೆ ಅಡವಿಗೆ ಆಗಲ್ಲ. ಎಲ್ಲವೂ ತಂದೆಯ ಬಗ್ಗೆ, ಎಲ್ಲವೂ ನಿನ್ನೆಯ ಬಗ್ಗೆ. ಆದರೆ ಸಾಲ ತೀರಿಸಬೇಕಾದದ್ದು ಯಾರು ಸ್ವಾಮಿ? ಮಗಳು. ಯಾವುದರಿಂದ? ನಾಳೆಯ ದುಡಿಮೆಯಿಂದ. ನಾಳೆಯ ದುಡಿಮೆಗೆ ಕೊಡುವ ಸಾಲವನ್ನು ನಿನ್ನೆಯ ಆಸ್ತಿ ನೋಡಿ ಕೊಡೋದು ಅಂದರೆ ಏನರ್ಥ? ಆಸ್ತಿ ಇದ್ದವನಿಗೆ ಸಾಲ ಸಿಗುತ್ತೆ, ಸಾಲ ಬೇಕಾದವನಿಗೆ ಸಿಗಲ್ಲ.

ಈ ಗಂಟನ್ನು ಬಿಡಿಸುವ ದಾರಿ ಇದೆ. ದುಡಿಮೆ ಬಂದಾಗ, ದುಡಿಮೆ ಎಷ್ಟೋ ಅದಕ್ಕೆ ತಕ್ಕಂತೆ ಕಟ್ಟುವ ಸಾಲ. ದುಡಿಮೆ ಇಲ್ಲದಿದ್ದರೆ ಕಂತೂ ಇಲ್ಲ. ಇದನ್ನು ಆಸ್ಟ್ರೇಲಿಯಾದ ಐಡಿಯಾ ಅಂತಾರೆ. ಇರಬಹುದು. ಆದರೆ ಇದರ ಅರ್ಧ ಐಡಿಯಾ ಸುಮಾರು ನೂರು ವರ್ಷದ ಹಿಂದೆ ನಮ್ಮ ಕರಾವಳಿಯಲ್ಲೇ ಹುಟ್ಟಿತ್ತು.

ಹೇಗೆ ಅಂತೀರಾ? ದಕ್ಷಿಣ ಕನ್ನಡದ ಬ್ಯಾಂಕ್ ಚರಿತ್ರೆ ನೋಡಿ. ಅಮ್ಮೆಂಬಳ ಸುಬ್ಬರಾವ್ ಪೈ ಮಂಗಳೂರಿನ ವಕೀಲರು. ಅವರು ಮೊದಲು ಕಟ್ಟಿದ್ದು ಬ್ಯಾಂಕ್ ಅಲ್ಲ, ಶಾಲೆ. 1891ರಲ್ಲಿ ಕೆನರಾ ಹೈಸ್ಕೂಲ್. ಹದಿನೈದು ವರ್ಷದ ನಂತರ, 1906ರ ಜುಲೈನಲ್ಲಿ, ಕೆನರಾ ಹಿಂದೂ ಪರ್ಮನೆಂಟ್ ಫಂಡ್. ಅದೇ ಇವತ್ತಿನ ಕೆನರಾ ಬ್ಯಾಂಕ್. ಅದರ ಸ್ಥಾಪಕ ತತ್ವಗಳಲ್ಲಿ ಶಿಕ್ಷಣ ಹರಡಬೇಕು ಅನ್ನೋದು ಉಳಿತಾಯದ ಮಾತಿಗಿಂತ ಮೊದಲೇ ಬರುತ್ತೆ. ಅದೇ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಕಾರ್ಪೊರೇಷನ್ ಬ್ಯಾಂಕ್ ಶುರುವಾಯ್ತು, ಐದು ಸಾವಿರ ರೂಪಾಯಿ ಬಂಡವಾಳದಲ್ಲಿ. 1924ರಲ್ಲಿ ಕರ್ಣಾಟಕ ಬ್ಯಾಂಕ್. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಕಟ್ಟಿದ ಸಿಂಡಿಕೇಟ್. 1931ರಲ್ಲಿ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕ್. ಒಂದೇ ಅವಿಭಜಿತ ಜಿಲ್ಲೆ, ಇಪ್ಪತ್ತೈದು ವರ್ಷದಲ್ಲಿ ಐದು ಬ್ಯಾಂಕ್!

ಇದರಲ್ಲಿ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಒಂದು ಕೆಲಸ ಮಾಡಿತು. ಅದರ ಹೆಸರು ಪಿಗ್ಮಿ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನ ಮನುಷ್ಯ ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಬಂದು ಇಸ್ಕೊಂಡು ಹೋಗ್ತಾನೆ. ಇವತ್ತಿಗೂ ಕರಾವಳಿಯ ಪೇಟೆಗಳಲ್ಲಿ ಸಂಜೆ ಹೊತ್ತು ಬ್ಯಾಗ್ ನೇತುಹಾಕಿಕೊಂಡು ಪಿಗ್ಮಿ ಕಲೆಕ್ಟರ್ ಬರ್ತಾನೆ. ಆ ಯೋಜನೆಯ ಒಳಗಿನ ತರ್ಕ ಗಮನಿಸಿ. ಬಡವನಿಗೆ ದುಡ್ಡು ಹೇಗೆ ಬರುತ್ತೋ ಬ್ಯಾಂಕ್ ಕೂಡ ಹಾಗೇ ನಡೀಬೇಕು. ದಿನಗೂಲಿಯವನ ಹತ್ತಿರ ತಿಂಗಳ ಲೆಕ್ಕ ಕೇಳಬಾರದು. ಜೊತೆಗೆ ಎರಡನೇ ಮಾತು: ಇಸ್ಕೊಳ್ಳೋಕೆ ಒಬ್ಬ ಮನುಷ್ಯ ಇರಲೇಬೇಕು, ಅವನು ತಪ್ಪದೆ ಬರಬೇಕು. ಒಂದು, ಆದಾಯಕ್ಕೆ ತಕ್ಕ ಕಂತು. ಎರಡು, ತಪ್ಪದ ವಸೂಲಿ. ಈ ಎರಡು ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ನಾನು ಹೇಳೋ ಎಲ್ಲ ಯೋಜನೆಗಳೂ ಗೆದ್ದದ್ದು, ಸೋತದ್ದು ಈ ಎರಡರಿಂದಲೇ.

ಹಾಗಾದರೆ ಆಗ ಓದಿಗೆ ದುಡ್ಡು ಕೊಡ್ತಿದ್ದವರು ಯಾರು? ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಕಾಲೇಜು ಬೇಕಿದ್ದರೆ ಮಂಗಳೂರಿಗೇ ಹೋಗಬೇಕು. 1880ರ ಸೇಂಟ್ ಅಲೋಷಿಯಸ್ ಕಾಲೇಜು, ಜೊತೆಗೆ ಸರ್ಕಾರಿ ಕಾಲೇಜು. ಓದೋರು ಬೆರಳೆಣಿಕೆ, ಅವರಿಗೆ ಜಾತಿಯವರ ನಿಧಿ, ಮಠದ ಊಟ, ಯಾರದ್ದೋ ದೊಡ್ಡ ಮನೆಯ ಜಗಲಿ. ಉಜಿರೆಯಲ್ಲಿ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಸಿದ್ಧವನ ಗುರುಕುಲ ಶುರು ಮಾಡಿದ್ದು ಇಂಥ ಮಕ್ಕಳಿಗೆ ಅನ್ನ-ವಸತಿ ಸಿಗಲಿ ಅಂತಲೇ. 1966ರಲ್ಲಿ ಉಜಿರೆಗೆ ಎಸ್‌ಡಿಎಂ ಕಾಲೇಜು ಬಂತು. ಕಕ್ಕಿಂಜೆಯಂಥ ಊರಿನ ಹುಡುಗರಿಗೆ ಕಾಲೇಜು ಅನ್ನೋದು ಮೊದಲ ಬಾರಿಗೆ ಬಸ್ಸಿನಲ್ಲಿ ಹೋಗಿ ಸಂಜೆ ಮನೆಗೆ ಬರುವಷ್ಟು ಹತ್ತಿರ ಆಯ್ತು.

ಆ ಕಾಲದ ಅನುದಾನಿತ ಕಾಲೇಜಿನ ಲೆಕ್ಕ ಸರಳ. ಕಟ್ಟಡ ಸಂಸ್ಥೆಯದ್ದು, ಮೇಷ್ಟ್ರ ಸಂಬಳ ಸರ್ಕಾರದ್ದು. ಹಾಗಾಗಿ ಫೀಸು ಕಡಿಮೆ. ಸಾಲ ಮಾಡದೇ ಬಿಎ, ಬಿಕಾಂ ಮುಗಿಸಿದ ಒಂದು ಇಡೀ ತಲೆಮಾರು ಇದೆಯಲ್ಲ, ಅವರ ಸಾಲವನ್ನು ಅವರ ಹೆಸರಿನಲ್ಲಿ ತೆರಿಗೆದಾರ ಕಟ್ಟಿದ್ದ. ಈಗ ನಿವೃತ್ತಿಯಾಗಿ "ನಮ್ಮ ಕಾಲದಲ್ಲಿ ನಾವು ಕಷ್ಟಪಟ್ಟು ಓದಿದೆವು" ಅನ್ನುವವರು ಈ ಮಾತನ್ನೂ ಸೇರಿಸಿ ಹೇಳಿದರೆ ಒಳ್ಳೆಯದು.

ಇನ್ನೂ ಎರಡು ಹಣದ ಮೂಲಗಳನ್ನು ಯಾರೂ ಶಿಕ್ಷಣದ ಲೆಕ್ಕಕ್ಕೆ ಹಿಡಿಯಲ್ಲ. ಮೊದಲನೆಯದು ದೇವರಾಜ ಅರಸು ಕಾಲದ ಭೂಸುಧಾರಣೆ. 1974ರಲ್ಲಿ ಜಾರಿಗೆ ಬಂದ ತಿದ್ದುಪಡಿ ಕಾಯ್ದೆ ದಕ್ಷಿಣ ಕನ್ನಡದಲ್ಲಿ ಅಸಂಖ್ಯಾತ ಗೇಣಿದಾರರನ್ನು ಜಾಗದ ಒಡೆಯರನ್ನಾಗಿ ಮಾಡಿತು. ಗೇಣಿ ಅಕ್ಕಿ ಅಳೆಯೋದು ನಿಂತಿತು. ಉಳಿದ ದುಡ್ಡು ಎಲ್ಲಿಗೆ ಹೋಯ್ತು? ಅಡಿಕೆ ಸಸಿಗೆ ಹೋಯ್ತು, ಮಕ್ಕಳ ಫೀಸಿಗೆ ಹೋಯ್ತು. ಎರಡನೆಯದು ಬೀಡಿ. ಅಮ್ಮ ಸೂಪಿನಲ್ಲಿ ಎಲೆ, ಹೊಗೆಸೊಪ್ಪು ಇಟ್ಟುಕೊಂಡು ಸುರುಟಿದ ಬೀಡಿಯಿಂದ ಮೇಷ್ಟ್ರು, ನರ್ಸು, ಇಂಜಿನಿಯರ್ ಆದವರು ಈ ಜಿಲ್ಲೆಯಲ್ಲಿ ಎಷ್ಟು ಮಂದಿ ಇದ್ದಾರೆ ಅಂತ ಅಲ್ಲಿಯವರನ್ನೇ ಕೇಳಿ. 1976ರ ಬೀಡಿ ಕಾರ್ಮಿಕರ ಕಲ್ಯಾಣ ಸೆಸ್ ಕಾಯ್ದೆಯಡಿ ಬೀಡಿಯ ಮೇಲೆ ಸೆಸ್ ಹಾಕಿ, ಆ ದುಡ್ಡಿನಲ್ಲಿ ಕಾರ್ಮಿಕರ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡ್ತಿದ್ದರು. 2017ರಲ್ಲಿ ಜಿಎಸ್‌ಟಿ ಬಂತು, ಆ ಸೆಸ್ ಹೋಯ್ತು. ಓದಿಗೆ ಅಂತಲೇ ಒಂದು ಪಾಲು ಇಟ್ಟಿದ್ದ ತೆರಿಗೆ ಸದ್ದಿಲ್ಲದೆ ಅಳಿಸಿಹೋಯಿತು. ಯಾವ ಚಾನೆಲ್ ಚರ್ಚೆ ಮಾಡಿತು ಹೇಳಿ?

ಈಗ ಸಾಲದ ಕಥೆಗೆ ಬರೋಣ. ಓದಿನ ಋಣವನ್ನು ಹೇಗೆ ತೀರಿಸಬೇಕು ಅನ್ನೋ ಪ್ರಶ್ನೆ ಹಳೆಯದು. 1913ರಲ್ಲಿ ಬರೋಡಾ ಸಂಸ್ಥಾನ ಡಾ. ಅಂಬೇಡ್ಕರ್ ಅವರನ್ನು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿತು. ವಾಪಸ್ ಬಂದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕು ಅಂತ ಕರಾರು. ದುಡ್ಡಿನ ಬದಲು ಕೆಲಸದಿಂದ ಸಾಲ ತೀರಿಸುವುದು. 1917ರಲ್ಲಿ ಅವರು ಬಂದರು, ಕೆಲಸಕ್ಕೂ ಸೇರಿದರು. ಆದರೆ ಆ ಊರಿನಲ್ಲಿ ಇರೋಕೆ ಮನೆ ಸಿಗಲಿಲ್ಲ. ಜಾತಿ ಗೊತ್ತಾದ ಮೇಲೆ ತಂಗಿದ್ದ ಜಾಗದಿಂದಲೂ ಹೊರಗೆ ಹಾಕಿದರು. ಬರೋಡಾ ಬಿಟ್ಟು ಹೊರಡಬೇಕಾಯಿತು. ಓದಿದವನಿಗೆ ಸಮಾಜ ದುಡಿಯಲು ಬಿಡದೇ ಹೋದರೆ ಅವನು ಯಾವ ಕರಾರನ್ನು ಹೇಗೆ ತೀರಿಸ್ತಾನೆ? ಸಾಲ ತೀರದಿರುವುದಕ್ಕೆ ಸಾಲಗಾರನೊಬ್ಬನೇ ಕಾರಣ ಅಲ್ಲ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾ?

ಸ್ವತಂತ್ರ ಭಾರತದ ಸರ್ಕಾರ 1963ರಲ್ಲಿ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಯೋಜನೆ ತಂತು. ಬಡ್ಡಿ ಇಲ್ಲ. ಕೆಲಸ ಸಿಕ್ಕ ಮೇಲೆ ನಿಧಾನವಾಗಿ ಕಟ್ಟಿದರಾಯ್ತು. ಮೇಷ್ಟ್ರಾದರೆ ಸೇವೆ ಮಾಡಿದ ಒಂದೊಂದು ವರ್ಷಕ್ಕೆ ಸಾಲದ ಹತ್ತನೇ ಒಂದು ಪಾಲು ಮನ್ನಾ. ಎಷ್ಟು ಒಳ್ಳೆಯ ಯೋಜನೆ ಅಲ್ವಾ? ಆದರೆ ಮೂರು ದಶಕ ಮುಗಿಯುವ ಮೊದಲೇ ಅದು ನಿಂತುಹೋಯ್ತು. ಯಾಕೆ? ವಾಪಸ್ ಬಂದದ್ದು ಅತ್ಯಲ್ಪ. ದುಡ್ಡು ಕೊಟ್ಟದ್ದು ಕೇಂದ್ರ, ವಸೂಲಿ ಮಾಡಬೇಕಾದದ್ದು ರಾಜ್ಯ. ಹುಡುಗ ಡಿಗ್ರಿ ಮುಗಿಸಿ ಬಾಂಬೆಗೆ ಹೋದರೆ ಅವನ ವಿಳಾಸ ಯಾರ ಹತ್ತಿರವೂ ಇರಲಿಲ್ಲ. ಅವನಿಗೆ ಕೆಲಸ ಸಿಕ್ಕಿತಾ, ಸಂಬಳ ಎಷ್ಟು ಅಂತ ತಿಳಿಯುವ ದಾರಿಯೇ ಇರಲಿಲ್ಲ. ಉಡುಪಿಯ ಪಿಗ್ಮಿ ಕಲೆಕ್ಟರ್‌ಗೆ ತನ್ನ ಗಿರಾಕಿಯ ಮನೆ ಗೊತ್ತಿತ್ತು. ದಿಲ್ಲಿಯ ಶಿಕ್ಷಣ ಇಲಾಖೆಗೆ ಗೊತ್ತಿರಲಿಲ್ಲ. ಪಿಗ್ಮಿಯ ಮೊದಲ ಪಾಠವನ್ನು ಸರ್ಕಾರ ಕಲಿತಿತ್ತು, ಎರಡನೆಯದನ್ನು ಕಲಿತಿರಲಿಲ್ಲ.

ಅಷ್ಟರಲ್ಲಿ ಕರಾವಳಿ ಇನ್ನೊಂದು ದಾರಿ ಹಿಡಿದಿತ್ತು. ಡಾ. ಟಿ.ಎಂ.ಎ. ಪೈ 1942ರಲ್ಲಿ ಮಣಿಪಾಲದಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಕಟ್ಟಿದರು, 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಬಂತು. ಸರ್ಕಾರದ ಹತ್ತಿರ ದುಡ್ಡಿಲ್ಲವಾ? ಓದುವವರ ಫೀಸು, ದೇಣಿಗೆಯಿಂದಲೇ ಕಾಲೇಜು ನಡೆಸಬಹುದು ಅಂತ ಮಣಿಪಾಲ ತೋರಿಸಿತು. ಕುಗ್ರಾಮದ ಗುಡ್ಡ ವಿಶ್ವವಿದ್ಯಾಲಯದ ಊರಾಯ್ತು. ಇದನ್ನು ಸಾಧನೆ ಅಂತ ಒಪ್ಪಲೇಬೇಕು. ಆದರೆ ಇದನ್ನು ನೋಡಿ ರಾಜ್ಯದ ತುಂಬ ಕಾಲೇಜು ಎದ್ದವು, ಅವುಗಳ ಜೊತೆ ಕ್ಯಾಪಿಟೇಷನ್ ಅನ್ನೋ ಶಬ್ದವೂ ಬಂತು. ಕರ್ನಾಟಕ ಸರ್ಕಾರ 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಮಾಡಿತು. ಕಾಯ್ದೆ ಮಾಡಿದ ಅದೇ ಸರ್ಕಾರ 1989ರಲ್ಲಿ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ಫೀಸು ಗೊತ್ತು ಮಾಡಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದ ವಿದ್ಯಾರ್ಥಿಗಳಿಗೆ 25,000, ಹೊರ ರಾಜ್ಯದವರಿಗೆ 60,000. ಉತ್ತರ ಪ್ರದೇಶದ ಮೀರತ್‌ನಿಂದ ತುಮಕೂರಿನ ಕಾಲೇಜಿಗೆ ಅರ್ಜಿ ಹಾಕಿದ ಮೋಹಿನಿ ಜೈನ್ ಈ 60,000 ಕಟ್ಟಲಾಗದೆ ಸುಪ್ರೀಂ ಕೋರ್ಟ್‌ಗೆ ಹೋದರು. 1992ರ ಜುಲೈ 30ರಂದು ತೀರ್ಪು ಬಂತು: ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ.

ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ದೊಡ್ಡ ಪೀಠ ಒಂದು ಗೆರೆ ಎಳೆಯಿತು. ಹದಿನಾಲ್ಕು ವರ್ಷದವರೆಗೆ ಶಿಕ್ಷಣ ಮೂಲಭೂತ ಹಕ್ಕು. ಅದರ ಮೇಲಿನದು ಸರ್ಕಾರದ ಆರ್ಥಿಕ ಶಕ್ತಿ ಇದ್ದಷ್ಟು. ಜೊತೆಗೆ ಖಾಸಗಿ ವೃತ್ತಿ ಕಾಲೇಜುಗಳಲ್ಲಿ ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು ಅನ್ನೋ ಸೂತ್ರ. ನಮ್ಮ ಸಿಇಟಿ 1994ರಲ್ಲಿ ಶುರುವಾದದ್ದು ಇದೇ ಹಿನ್ನೆಲೆಯಲ್ಲಿ. ಸಾಮಾನ್ಯ ಮನೆಯ ಮಕ್ಕಳು ಇಂಜಿನಿಯರ್ ಆದದ್ದು ಆ ಫ್ರೀ ಸೀಟಿನಿಂದ. ಅದಕ್ಕೂ ದುಡ್ಡು ಕೊಟ್ಟದ್ದು ಸರ್ಕಾರ ಅಲ್ಲ, ಪಕ್ಕದ ಬೆಂಚಿನಲ್ಲಿ ಕೂತ ಪೇಮೆಂಟ್ ಸೀಟಿನ ಹುಡುಗನ ಅಪ್ಪ. 2002ರ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಮೂರ್ತಿಗಳ ಪೀಠ ಆ ಸೂತ್ರವನ್ನೂ ತೆಗೆದುಹಾಕಿತು. ಆ ಪ್ರಕರಣದ ಹೆಸರು ಟಿ.ಎಂ.ಎ. ಪೈ ಫೌಂಡೇಷನ್ ವಿರುದ್ಧ ಕರ್ನಾಟಕ ಸರ್ಕಾರ. ಮತ್ತೆ ನಮ್ಮದೇ ಕರಾವಳಿ!

ಇದೇ ಹೊತ್ತಿಗೆ ದಿಲ್ಲಿಯಲ್ಲಿ ಗಾಳಿ ಬದಲಾಗಿತ್ತು. 1991ರ ಆರ್ಥಿಕ ಬದಲಾವಣೆಯ ನಂತರ ಪುನ್ನಯ್ಯ ಸಮಿತಿ, ವಿಶ್ವವಿದ್ಯಾಲಯಗಳು ತಮ್ಮ ಖರ್ಚಿನ ಒಂದು ಪಾಲನ್ನು ತಾವೇ ದುಡಿದುಕೊಳ್ಳಬೇಕು ಅಂತ ಹೇಳಿತು. ಕೊಠಾರಿ ಆಯೋಗ 1966ರಲ್ಲೇ ರಾಷ್ಟ್ರೀಯ ಆದಾಯದ ಶೇ. 6ರಷ್ಟು ಶಿಕ್ಷಣಕ್ಕೆ ಕೊಡಿ ಅಂದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಶೇ. 6ನ್ನು ಮತ್ತೆ ಬರೆದುಕೊಂಡಿದೆ. ಅರ್ಧ ಶತಮಾನ ಕಳೆದರೂ ಗುರಿ ಗುರಿಯಾಗಿಯೇ ಇದೆ. ಸರ್ಕಾರ ಬಿಟ್ಟ ಜಾಗಕ್ಕೆ ಯಾರಾದರೂ ಬರಲೇಬೇಕಲ್ಲ? ಬ್ಯಾಂಕ್ ಬಂತು. 2001ರಲ್ಲಿ ದೇಶದ ಎಲ್ಲ ಬ್ಯಾಂಕುಗಳಿಗೆ ಒಂದೇ ಮಾದರಿಯ ಶಿಕ್ಷಣ ಸಾಲ ಯೋಜನೆ ರೂಪಿಸಿದ ತಂಡದ ಅಧ್ಯಕ್ಷರು ಯಾರು ಗೊತ್ತಾ? ಕೆನರಾ ಬ್ಯಾಂಕಿನ ಆಗಿನ ಮುಖ್ಯಸ್ಥ ಆರ್.ಜೆ. ಕಾಮತ್. ಮುಂದೆ 2009ರಲ್ಲಿ ಕೇಂದ್ರದ ಬಡ್ಡಿ ಸಹಾಯಧನ ಬಂದಾಗ ಅದನ್ನು ದೇಶಕ್ಕೆಲ್ಲ ಹಂಚುವ ನೋಡಲ್ ಬ್ಯಾಂಕ್ ಆದದ್ದೂ ಕೆನರಾ ಬ್ಯಾಂಕೇ. ಶಾಲೆ ಕಟ್ಟಿದವರು ಕಟ್ಟಿದ ಬ್ಯಾಂಕ್ ಕೊನೆಗೆ ಓದಿನ ಸಾಲದ ಬ್ಯಾಂಕ್ ಆಯ್ತು.

ಆದರೆ ಆ ಹೊಸ ಸಾಲದೊಳಗೆ ಪಿಗ್ಮಿಯ ತರ್ಕ ಇರಲಿಲ್ಲ. ಲೆಕ್ಕ ಹಾಕಿ ನೋಡೋಣ, ಪೆನ್ನು ಪೇಪರ್ ತಗೊಳ್ಳಿ.

ಕಕ್ಕಿಂಜೆಯ ಆ ಹುಡುಗಿ ನಾಲ್ಕು ವರ್ಷದ ಕೋರ್ಸಿಗೆ ವರ್ಷಕ್ಕೆ ಒಂದು ಲಕ್ಷದಂತೆ 4 ಲಕ್ಷ ಸಾಲ ಮಾಡಿದಳು ಅಂತಿಟ್ಟುಕೊಳ್ಳಿ. ನಿಯಮದ ಪ್ರಕಾರ 4 ಲಕ್ಷದವರೆಗೆ ಅಡವು ಕೇಳುವಂತಿಲ್ಲ. ಬಡ್ಡಿ ಶೇ. 10 ಅನ್ನೋಣ. ಓದುವ ನಾಲ್ಕು ವರ್ಷ, ಆಮೇಲೆ ಒಂದು ವರ್ಷ ಕಂತು ಇಲ್ಲ. ಆದರೆ ಬಡ್ಡಿ ಓಡ್ತಾ ಇರುತ್ತೆ. ಸರಳ ಬಡ್ಡಿ ಹಾಕಿದರೂ 1 ಲಕ್ಷ 40 ಸಾವಿರ. ಸಾಲ 5 ಲಕ್ಷ 40 ಸಾವಿರ ಆಯ್ತು. ಹತ್ತು ವರ್ಷದಲ್ಲಿ ತೀರಿಸಬೇಕು ಅಂದರೆ ತಿಂಗಳ ಕಂತು ಸುಮಾರು 7,100. ಮನೆಯ ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿದ್ದು, ಅದು ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಆಗಿದ್ದು, ಕಾಲೇಜಿಗೆ ಮಾನ್ಯತೆಯೂ ಇದ್ದರೆ ಓದುವ ಕಾಲದ ಬಡ್ಡಿಯನ್ನು ಕೇಂದ್ರ ಕಟ್ಟುತ್ತೆ. ಆಗಲೂ ಕಂತು ಸುಮಾರು 5,300.

ಅವಳಿಗೆ ಮೊದಲ ಕೆಲಸ ಮಂಗಳೂರಿನಲ್ಲಿ 15,000 ರೂಪಾಯಿಗೆ ಸಿಕ್ಕಿತು. ಪಿಜಿ ಬಾಡಿಗೆ, ಊಟ, ಬಸ್ಸು ಕಳೆದು 7,100 ಎಲ್ಲಿಂದ ಕಟ್ಟಬೇಕು? ಮೂರು ಕಂತು ತಪ್ಪಿದರೆ ಖಾತೆ ಎನ್‌ಪಿಎ. ನೋಟಿಸ್ ಹೋಗುವುದು ಯಾರಿಗೆ? ಸಹ-ಸಾಲಗಾರನಾದ ಅಪ್ಪನಿಗೂ. ಮುಂದೆ ಆ ಅಪ್ಪ ತೋಟಕ್ಕೆ ಬೆಳೆ ಸಾಲ ಕೇಳಿದರೆ ಸಿಬಿಲ್‌ನಲ್ಲಿ ಮಗಳ ಓದಿನ ಸಾಲ ಎದ್ದು ಕಾಣುತ್ತೆ. ತಂಗಿ ಓದಬೇಕು ಅಂದರೆ ಬಾಗಿಲು ಮುಚ್ಚಿತು. ಸಿಬಿಲ್ ಅಂಕ ಕಡಿಮೆ ಅನ್ನೋ ಒಂದೇ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದು ಅಂತ ಪಕ್ಕದ ಕೇರಳ ಹೈಕೋರ್ಟ್ 2023ರಲ್ಲಿ ಹೇಳಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಡವು ಬೇಡ, ಜಾಮೀನು ಬೇಡ. ಎಂಟು ಲಕ್ಷದವರೆಗಿನ ಆದಾಯದ ಮನೆಯವರಿಗೆ, 10 ಲಕ್ಷದವರೆಗಿನ ಸಾಲಕ್ಕೆ, ಶೇ. 3ರಷ್ಟು ಬಡ್ಡಿ ರಿಯಾಯಿತಿ. ಒಳ್ಳೆಯ ಹೆಜ್ಜೆ, ಬೆನ್ನು ತಟ್ಟೋಣ. ಆದರೆ ಇದು ರ‍್ಯಾಂಕಿಂಗ್ ಪಟ್ಟಿಯಲ್ಲಿ ಮೇಲಿರುವ ಸಂಸ್ಥೆಗಳಿಗೆ ಮಾತ್ರ. ಪಟ್ಟಿಯ ಹೊರಗಿನ ಸಣ್ಣ ಕಾಲೇಜಿನ ಹುಡುಗಿಗೆ ಇಲ್ಲ. ನಮ್ಮ ರಾಜ್ಯದಲ್ಲಿ ಅಲ್ಪಸಂಖ್ಯಾತರ, ಹಿಂದುಳಿದ ವರ್ಗಗಳ ನಿಗಮಗಳು ಅರಿವು ಅನ್ನೋ ಸಾಲ ಕೊಡ್ತವೆ. ಬಡ್ಡಿ ತೀರಾ ಕಡಿಮೆ. ಕಕ್ಕಿಂಜೆಯಂಥ ಪೇಟೆಯ ಬ್ಯಾರಿ, ಬಿಲ್ಲವ ಮನೆಗಳಿಗೆ ಇಂಥದ್ದೇ ಆಸರೆ. ಆದರೆ ಇವೆಲ್ಲವೂ ಬಡ್ಡಿಯನ್ನು ಕಡಿಮೆ ಮಾಡ್ತವೆ, ಕಂತಿನ ಸ್ವಭಾವವನ್ನು ಬದಲಿಸಲ್ಲ. ದುಡಿಮೆ ಇರಲಿ ಬಿಡಲಿ, ತಾರೀಕು ಬಂದರೆ ಕಂತು ಬಂತು.

ಹೊರಗಿನವರು ಏನು ಮಾಡಿದರು? ಕಂತನ್ನು ಆದಾಯಕ್ಕೆ ಕಟ್ಟಬೇಕು ಅನ್ನೋ ಯೋಚನೆಯನ್ನು 1955ರಲ್ಲಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಬರೆದಿದ್ದರು. 1971ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಒಂದು ಪ್ರಯೋಗ ಮಾಡಿತು. ಒಂದು ಬ್ಯಾಚಿನವರೆಲ್ಲ ತಮ್ಮ ಆದಾಯದ ಪಾಲು ಕಟ್ಟುತ್ತಾ ಹೋಗಬೇಕು, ಇಡೀ ಬ್ಯಾಚಿನ ಸಾಲ ತೀರುವ ತನಕ ಯಾರೂ ಬಿಡುಗಡೆ ಇಲ್ಲ. ಶ್ರೀಮಂತರಾದವರು ಒಂದೇ ಸಲ ದುಡ್ಡು ಕಟ್ಟಿ ಹೊರಗೆ ಹೋದರು, ಕೆಲವರು ಕಟ್ಟಲೇ ಇಲ್ಲ, ನಿಯತ್ತಿನಿಂದ ಕಟ್ಟಿದವರ ತಲೆ ಮೇಲೆ ಎಲ್ಲರ ಸಾಲ ಬಿತ್ತು. ಕೊನೆಗೆ ಯೇಲ್ ಉಳಿದ ಬಾಕಿ ಮನ್ನಾ ಮಾಡಿ ಕೈತೊಳೆದುಕೊಂಡಿತು. ಒಬ್ಬನ ಸಾಲವನ್ನು ಇನ್ನೊಬ್ಬನ ಹೆಗಲಿಗೆ ಹಾಕಿದರೆ ಆಗಲ್ಲ ಅನ್ನೋದು ಸಾಬೀತಾಯಿತು.

ಗೆದ್ದದ್ದು ಆಸ್ಟ್ರೇಲಿಯಾ. 1974ರಲ್ಲಿ ಆ ದೇಶ ವಿಶ್ವವಿದ್ಯಾಲಯದ ಫೀಸನ್ನೇ ತೆಗೆದಿತ್ತು. 1989ರಲ್ಲಿ ಫೀಸು ವಾಪಸ್ ಬಂತು, ವರ್ಷಕ್ಕೆ 1,800 ಡಾಲರ್. ಆದರೆ ಸೇರುವಾಗ ಒಂದು ಪೈಸೆ ಕೊಡಬೇಕಾಗಿಲ್ಲ. ಅರ್ಥಶಾಸ್ತ್ರಜ್ಞ ಬ್ರೂಸ್ ಚಾಪ್‌ಮನ್ ರೂಪಿಸಿದ ವ್ಯವಸ್ಥೆ ಅದು. ಓದು ಮುಗಿದು, ಸಂಬಳ ಒಂದು ಮಿತಿ ದಾಟಿದ ಮೇಲೆ, ತೆರಿಗೆ ಇಲಾಖೆಯೇ ಸಂಬಳದಲ್ಲಿ ಸಣ್ಣ ಪಾಲು ಹಿಡಿಯುತ್ತೆ. ಕೆಲಸ ಹೋಯ್ತಾ? ಕಂತು ನಿಂತಿತು. ಮತ್ತೆ ಕೆಲಸ ಸಿಕ್ಕಿತಾ? ಕಂತು ಶುರು. ಅಪ್ಪನ ಜಾಗ ಯಾರೂ ಕೇಳಲ್ಲ. ಪಿಗ್ಮಿಯ ಎರಡೂ ಪಾಠ ಇಲ್ಲಿದೆ ನೋಡಿ: ಆದಾಯಕ್ಕೆ ತಕ್ಕ ಕಂತು, ತಪ್ಪದ ವಸೂಲಿ. ಇಲ್ಲಿ ಬ್ಯಾಗ್ ಹಿಡಿದ ಕಲೆಕ್ಟರ್ ಬದಲಿಗೆ ತೆರಿಗೆ ಇಲಾಖೆ, ಅಷ್ಟೇ.

ಆದರೆ ಇದರಲ್ಲಿ ಒಂದು ಬಲೆಯೂ ಇದೆ. ಇಂಗ್ಲೆಂಡ್ ನೋಡಿ. 1998ರಲ್ಲಿ ಫೀಸು ಒಂದು ಸಾವಿರ ಪೌಂಡ್. 2006ರಲ್ಲಿ ಮೂರು ಸಾವಿರ. 2012ರಲ್ಲಿ ಒಂಬತ್ತು ಸಾವಿರ! "ಹೇಗೂ ಆಮೇಲೆ ಕಟ್ಟೋದು ತಾನೇ" ಅಂತ ಫೀಸು ಏರಿಸ್ತಾ ಹೋದರು. 2012ರಲ್ಲಿ ಸೇರಿದವರಿಗೆ ಮೂವತ್ತು ವರ್ಷದ ನಂತರ ಉಳಿದ ಸಾಲ ಮನ್ನಾ ಅಂದಿದ್ದರು, 2023ರಿಂದ ಸೇರಿದವರಿಗೆ ಅದನ್ನು ನಲವತ್ತು ವರ್ಷ ಮಾಡಿದರು. ಆಸ್ಟ್ರೇಲಿಯಾದಲ್ಲೂ ಸಾಲದ ಹೊರೆ ಬೆಳೆದು, 2025ರಲ್ಲಿ ಸರ್ಕಾರ ಎಲ್ಲರ ಬಾಕಿಯಲ್ಲಿ ಶೇ. 20 ಕಡಿತ ಮಾಡಬೇಕಾಯಿತು. ಹಾಗಾಗಿ ಈ ಮಾತು ಸ್ಪಷ್ಟವಾಗಿರಲಿ: ಆದಾಯ ಆಧಾರಿತ ಸಾಲ ಸರ್ಕಾರಿ ಕಾಲೇಜಿಗೆ ಬದಲಿ ಅಲ್ಲ. ಬೆಳ್ತಂಗಡಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಕಾಯಂ ಮೇಷ್ಟ್ರನ್ನು ಕೊಡೋದು ಸರ್ಕಾರದ ಕೆಲಸ. ಅತಿಥಿ ಉಪನ್ಯಾಸಕರ ಮೇಲೆ ಕಾಲೇಜು ನಡೆಸಿ, "ಸಾಲ ಮಾಡಿ ಖಾಸಗಿಗೆ ಹೋಗಿ" ಅನ್ನೋದಕ್ಕೆ ಯಾವ ಸರ್ಕಾರಕ್ಕೂ ಮುಖ ಇರಬಾರದು.

ಇಲ್ಲಿ ಅದು ನಡೆಯುತ್ತಾ? ಇದು ನ್ಯಾಯವಾದ ಪ್ರಶ್ನೆ. ಆದಾಯ ತೆರಿಗೆ ಕಟ್ಟುವವರೇ ಕಡಿಮೆ ಇರುವ ದೇಶದಲ್ಲಿ, ನಗದು ವ್ಯವಹಾರದ ಊರಿನಲ್ಲಿ, ಯಾರ ಆದಾಯ ಎಷ್ಟು ಅಂತ ಹೇಗೆ ತಿಳಿಯೋದು? ಬೆಳ್ತಂಗಡಿಯ ಹುಡುಗ ದುಬೈಗೆ ಹೋದರೆ ಸಂಬಳ ಹಿಡಿಯೋರು ಯಾರು? ಇವು ನಿಜವಾದ ಅಡ್ಡಿಗಳು. ಆದರೆ 1963ರ ದೇಶ ಅಲ್ಲ ಇದು. ಅವತ್ತು ವಿಳಾಸವೇ ಗೊತ್ತಿರಲಿಲ್ಲ. ಇವತ್ತು ಪ್ಯಾನ್ ಇದೆ, ಆಧಾರ್ ಇದೆ, ಪಿಎಫ್ ಖಾತೆ ಇದೆ, ಸಂಬಳದಲ್ಲಿ ಟಿಡಿಎಸ್ ಹಿಡಿಯುವ ಕಂಪನಿ ಇದೆ. ಡಿಗ್ರಿ ಮುಗಿಸಿದವರಲ್ಲಿ ಸಂಬಳದ ಕೆಲಸಕ್ಕೆ ಹೋಗುವವರಿಂದಲೇ ಶುರು ಮಾಡಬಹುದು. ವಿದೇಶಕ್ಕೆ ಹೋದವರ ಸಮಸ್ಯೆ ಆಸ್ಟ್ರೇಲಿಯಾಕ್ಕೂ ಇತ್ತು. 2017ರಿಂದ ಹೊರದೇಶದಲ್ಲಿರುವ ಸಾಲಗಾರರೂ ತಮ್ಮ ಆದಾಯ ತಿಳಿಸಲೇಬೇಕು ಅಂತ ನಿಯಮ ಮಾಡಿದರು. ಮಾಡಬೇಕು ಅನ್ನೋರಿಗೆ ದಾರಿ ಇದೆ.

ಲೆಕ್ಕ ಮತ್ತೆ ಹಾಕೋಣ. ತಿಂಗಳಿಗೆ 25,000 ತನಕ ಕಂತು ಇಲ್ಲ, ಅದರ ಮೇಲಿನ ದುಡ್ಡಿನಲ್ಲಿ ಶೇ. 10 ಮಾತ್ರ ಕಂತು ಅಂತ ಒಂದು ನಿಯಮ ಇದೆ ಅಂದುಕೊಳ್ಳಿ. 15,000 ಸಂಬಳದ ಕಕ್ಕಿಂಜೆಯ ಹುಡುಗಿಗೆ ಈಗ ಕಂತು ಸೊನ್ನೆ. ಸಂಬಳ 40,000 ಆದಾಗ 1,500. ಒಂದು ಲಕ್ಷ ಆದಾಗ 7,500. ಮದುವೆಯಾಗಿ, ಮಗುವಾಗಿ ಎರಡು ವರ್ಷ ಮನೆಯಲ್ಲಿದ್ದರೆ ಆ ಎರಡು ವರ್ಷವೂ ಸೊನ್ನೆ. ಇದು ಹೆಣ್ಣುಮಕ್ಕಳಿಗೆ ಎಷ್ಟು ದೊಡ್ಡ ಮಾತು ಅಂತ ಯೋಚಿಸಿ. ಇವತ್ತು ಎಷ್ಟೋ ಮನೆಗಳಲ್ಲಿ ಮಗನಿಗಾದರೆ ಸಾಲ ಮಾಡ್ತಾರೆ, ಮಗಳಿಗಾದರೆ "ಸಾಲ ತೀರುವ ಮೊದಲೇ ಮದುವೆ ಆದರೆ ಯಾರು ಕಟ್ಟೋದು ಮಾರಾಯ್ರೇ?" ಅಂತಾರೆ. ಆ ಪ್ರಶ್ನೆಗೆ ಇದರಲ್ಲಿ ಉತ್ತರ ಇದೆ.

ಇದು ದಾನ ಅಲ್ಲ. ದುಡಿದವರು ಕಟ್ಟಲೇಬೇಕು, ತಪ್ಪಿಸಿಕೊಳ್ಳುವಂತಿಲ್ಲ. ಕಡಿಮೆ ದುಡಿದವರ ನಷ್ಟದ ಒಂದು ಪಾಲನ್ನು ಸರ್ಕಾರ ಹೊರಬೇಕು, ಯೇಲ್‌ನ ಹಾಗೆ ಸಹಪಾಠಿಗಳಲ್ಲ. ಅದಕ್ಕೆ ಸರ್ಕಾರ ಬಜೆಟ್‌ನಲ್ಲಿ ಲೆಕ್ಕ ತೋರಿಸಬೇಕು. ಫೀಸಿಗೆ ಮಿತಿ ಇರಬೇಕು, ಇಂಗ್ಲೆಂಡಿನ ಹಾಗೆ ಏಣಿ ಹಾಕಿ ಬಿಡಬಾರದು. ಇಡೀ ದೇಶದಲ್ಲಿ ಒಂದೇ ಸಲ ಬೇಡ. ಒಂದು ಜಿಲ್ಲೆಯಲ್ಲಿ ಮಾಡಿ ನೋಡಿ. ಯಾವ ಜಿಲ್ಲೆ ಅಂತ ನಾನು ಹೇಳಬೇಕಾ?

ಆ ಜಿಲ್ಲೆ ಕಟ್ಟಿದ ಐದು ಬ್ಯಾಂಕ್‌ಗಳಲ್ಲಿ ನಾಲ್ಕು 1969 ಮತ್ತು 1980ರಲ್ಲಿ ರಾಷ್ಟ್ರೀಕರಣವಾದವು. ಜನರ ದುಡ್ಡು ಜನರಿಗೆ ಸಿಗಬೇಕು ಅನ್ನೋದೇ ಅವತ್ತಿನ ಘೋಷಣೆ. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿನಲ್ಲಿ ಕರಗಿತು. 2020ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾ ಬ್ಯಾಂಕಿಗೆ ಸೇರಿತು. ಪಿಗ್ಮಿ ಹುಟ್ಟಿಸಿದ ಬ್ಯಾಂಕಿನ ಹೆಸರು ಈಗ ಬೋರ್ಡಿನ ಮೇಲೆ ಇಲ್ಲ. ಹೆಸರು ಹೋದದ್ದಕ್ಕೆ ಕರಾವಳಿಯವರು ಬೇಜಾರು ಮಾಡಿಕೊಂಡರು, ಪ್ರತಿಭಟನೆಯನ್ನೂ ಮಾಡಿದರು. ಹೆಸರು ವಾಪಸ್ ಬರಲ್ಲ. ಆದರೆ ಎರಡಾಣೆ ದುಡಿಯುವವನ ಹತ್ತಿರ ಎರಡಾಣೆಯ ಲೆಕ್ಕದಲ್ಲೇ ಮಾತಾಡಬೇಕು ಅನ್ನೋ ಬುದ್ಧಿ ಇತ್ತಲ್ಲ, ಅದನ್ನು ವಾಪಸ್ ಕೇಳಬಹುದು. ಮುಂದಿನ ಸಲ ನಿಮ್ಮ ಊರಿಗೆ ಮತ ಕೇಳೋಕೆ ಬಂದವರ ಹತ್ತಿರ, ರಸ್ತೆ, ಸೇತುವೆ ಕೇಳುವಾಗ, ಇದನ್ನೂ ಒಂದು ಮಾತು ಕೇಳಿ: ನನ್ನ ಮಗಳ ಸಾಲಕ್ಕೆ ನನ್ನ ಜಾಗದ ಆರ್‌ಟಿಸಿ ಯಾಕೆ ಬೇಕು? ಅವಳ ಮೊದಲ ಸಂಬಳದ ತನಕ ಕಾಯೋಕೆ ನಿಮಗೇನು ಕಷ್ಟ?